ಸೂರಿನ ನೀರು

ನೇಕಾರ ಸಿದ್ದಲಿಂಗಪ್ಪನ ಮಗ್ಗದ ಕೋಣೆಗೆ ಒಂದೇ ಕಡೆ ಇಳಿಜಾರಿರುವ ತಗಡು ಹೊದಿಸಿದ್ದರು. ಅದರ ಮೇಲಿನ ಅಂಚು ಎತ್ತರದ ಕಲ್ಲಿನ ಗೋಡೆಯ ಮೇಲಿತ್ತು, ಕೆಳಗಿನ ಅಂಚು ಗಿಡ್ಡ ಮಣ್ಣಿನ ಗೋಡೆಯ ಮೇಲಿತ್ತು.

ಮೊದಲ ಮಳೆ ನಿಂತ ಮೇಲೆ ಮಣ್ಣಿನ ಗೋಡೆ ಹೇಳಿತು: "ತಗಡಣ್ಣ, ನಿನ್ನ ನೀರೆಲ್ಲ ನನ್ನ ಬುಡಕ್ಕೇ ಬೀಳುತ್ತಿದೆ. ನೀನು ಒಂದು ಮೊಳ ಮುಂದಕ್ಕೆ ಚಾಚಿಕೊಂಡರೆ ನಾನು ಉಳಿಯುತ್ತೇನೆ."

"ಚಾಚಿಕೊಂಡರೆ ಗಾಳಿಗೆ ನನ್ನ ಅಂಚು ಬಡಿದುಕೊಳ್ಳುತ್ತದೆ," ಎಂದಿತು ತಗಡು. "ಮೈಮೇಲೆ ನೀರು ನಿಲ್ಲದಂತೆ ನೋಡಿಕೊಳ್ಳುವುದಷ್ಟೇ ನನ್ನ ಕೆಲಸ. ಕೆಳಗೆ ಬಿದ್ದ ಮೇಲೆ ಅದು ನನ್ನ ನೀರಲ್ಲ."

ಅಷ್ಟರಲ್ಲಿ ಸಿದ್ದಲಿಂಗಪ್ಪ ಮಗ್ಗದಿಂದ ತಲೆಯೆತ್ತಿ ಮೇಲೆ ನೋಡಿದ. "ಒಂದು ಹನಿಯೂ ಸೋರಿಲ್ಲ ನೋಡೇ," ಎಂದು ಹೆಂಡತಿಗೆ ಹೇಳಿದ. ತಗಡಿಗೆ ಅಷ್ಟು ಸಾಕಾಯಿತು.

ಗೋಡೆ ಮತ್ತೆ ಕೇಳಲಿಲ್ಲ. ಮೂರನೆಯ ಮಳೆಗಾಲದಲ್ಲಿ ಅದರ ಬುಡ ಕರಗಿತು. ಒಂದು ಮಧ್ಯಾಹ್ನ ಅದು ಮೆಲ್ಲಗೆ ಹೊರಕ್ಕೆ ವಾಲತೊಡಗಿತು. ಅದರ ಜೊತೆಗೇ ತಗಡೂ ಜಾರತೊಡಗಿತು.

"ಇದೇನು, ನಾನು ಎಲ್ಲಿಗೆ ಹೋಗುತ್ತಿದ್ದೇನೆ?" ಎಂದು ತಗಡು ಕೇಳಿತು.

"ನಿನ್ನ ನೀರು ಹೋದಲ್ಲಿಗೇ, ಅಣ್ಣ," ಎಂದಿತು ಗೋಡೆ.