ಆರ್ಗನ್ನಿನೊಳಗಿನ ಗುಂಯ್

"ಮಾವ, ಮನಸ್ಸಿನೊಳಗಿನ ಸದ್ದನ್ನು ಪೂರ್ತಿ ಅಡಗಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚಿದಂಬರ. ಎಂಟು ವರ್ಷ ಮಾವನ ಮನೆಯಲ್ಲಿದ್ದು ಹಾರ್ಮೋನಿಯಂ ಕಲಿತವನು. ಸಂಬಂಧದಲ್ಲಿ ಅವರು ಅವನಿಗೆ ಮಾವನಲ್ಲ. ಯಾರಾದರೂ 'ಗುರುಗಳೇ' ಎಂದರೆ ಅವರು ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಿದ್ದರು. ಆದ್ದರಿಂದ ಶಿಷ್ಯರೆಲ್ಲ ಮಾವ ಎಂದೇ ಕರೆದರು. ಅವರು ಶಿಷ್ಯರನ್ನೆಲ್ಲ ಅಳಿಯ ಎಂದರು.

"ಅಡಗಿಸಿ ಏನು ಮಾಡುತ್ತೀಯ?"

"ಅಂಧ ಮಕ್ಕಳ ಶಾಲೆಯಿಂದ ಮತ್ತೆ ಕಾಗದ ಬಂದಿದೆ. ಬಂದು ಕಲಿಸಿ ಎನ್ನುತ್ತಾರೆ. ಸುಮ್ಮನೆ ಕೂತಾಗ ಮನಸ್ಸು ತಿಳಿಯಾಗಿರುತ್ತದೆ. ಕಲಿಸಬೇಕು ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರೆ ಸಾಕು, ಒಳಗೆ ಏನೋ ಗದ್ದಲ ಶುರುವಾಗುತ್ತದೆ. ಅದು ನಿಲ್ಲಲಿ, ಆಮೇಲೆ ಹೋಗುತ್ತೇನೆ ಎಂದುಕೊಂಡೆ. ಎರಡು ವರ್ಷ ಆಯಿತು."

ಮಾವ ಕಾಲು ಮಡಚಿ ಕೂತರು.

"ಒಂದು ಕತೆ ಹೇಳುತ್ತೇನೆ. ನಾನು ಸುಳ್ಳು ಹೇಳುವವನಲ್ಲ ಎಂಬುದು ನಿನಗೆ ಗೊತ್ತೇ ಇದೆ."

ಚಿದಂಬರನಿಗೆ ಗೊತ್ತಿದ್ದದ್ದು ಬೇರೆ. ಆದರೂ ತಲೆಯಾಡಿಸಿದ. ಮಾವ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ರಿಪೇರಿಯವನಿದ್ದ. ಹಳೆಯ ಎಲೆಕ್ಟ್ರಾನಿಕ್ ಆರ್ಗನ್‌ಗಳನ್ನು ಮನೆಗೆ ತರಿಸಿಕೊಂಡು ಸರಿಮಾಡುವುದು ಅವನ ಕೆಲಸ. ನೀನು ನುಡಿಸುವ ಪೆಟ್ಟಿಗೆಯಂತೆ ತಿದಿಯೊತ್ತಿ ಗಾಳಿ ತುಂಬುವುದಲ್ಲ. ಕರೆಂಟಿನಿಂದ ಹಾಡುವುದು. ಬೀರುವಿನಷ್ಟು ತೂಕ, ಮೇಲೊಂದು ಕೆಳಗೊಂದು ಕೀಗಳ ಸಾಲು, ಕಾಲಿಗೂ ತುಳಿಯಲು ಮರದ ಪಟ್ಟಿಗಳು. ಅಂಥವು ಅವನ ಮನೆಯಲ್ಲಿ ಎಷ್ಟಿದ್ದವೆಂದರೆ ಒಳಗೆ ಗೋಡೆಗಳೇ ಬೇಕಿರಲಿಲ್ಲ. ಅಡುಗೆಮನೆಗೂ ಹಜಾರಕ್ಕೂ ನಡುವೆ ಎರಡು ಆರ್ಗನ್ ನಿಂತಿದ್ದವು. ಮೆಂತ್ಯದ ಡಬ್ಬಿಯಲ್ಲಿ ಕೆಪಾಸಿಟರ್, ಸಾಸಿವೆ ಡಬ್ಬಿಯಲ್ಲಿ ಕರೆಂಟು ತಗ್ಗಿಸುವ ರೆಸಿಸ್ಟರ್. ಒಮ್ಮೆ ಅವನ ಹೆಂಡತಿ ಕೈತಪ್ಪಿ ಸಾರಿಗೆ ರೆಸಿಸ್ಟರಿನ ಒಗ್ಗರಣೆ ಹಾಕಿದಳು. ಅವತ್ತು ಉಂಡವರೆಲ್ಲ ಮೂರು ದಿನ ಮೆಲ್ಲಗೆ ಮಾತಾಡಿದರು. ಉಂಡವರಲ್ಲಿ ನಾನೂ ಒಬ್ಬ. ನಾನು ಮೂರು ದಿನ ಮೆಲ್ಲಗೆ ಮಾತಾಡಿದೆ ಎಂದರೆ ಅದು ಎಂಥ ಒಗ್ಗರಣೆಯೆಂದು ನೀನೇ ಲೆಕ್ಕ ಹಾಕು.

ಅವನ ಕಿವಿ ಬಹಳ ಸೂಕ್ಷ್ಮ. ಮೂರು ಬೀದಿಯಾಚೆ ಹಲಸಿನಹಣ್ಣು ಮಾಗುವ ಸದ್ದು ಅವನಿಗೆ ಕೇಳುತ್ತಿತ್ತು. ಹಜಾರದಲ್ಲಿ ಕೂತೇ ಸಾರಿನಲ್ಲಿ ಉಪ್ಪು ಕರಗುವುದನ್ನು ಕೇಳಿ "ಇನ್ನೊಂದು ಚಿಟಿಕೆ ಬೇಕು" ಎಂದು ಕೂಗುತ್ತಿದ್ದ. ಅಂಥ ಕಿವಿಯವನಿಗೆ ಗುರು ಯಾರು ಎಂದು ಮಾತ್ರ ಕೇಳಬೇಡ. ನನ್ನನ್ನು ನಾನೇ ಹೊಗಳಿಕೊಳ್ಳುವ ಅಭ್ಯಾಸ ನನಗಿಲ್ಲ.

ಅವನಿಗೆ ಒಂದು ನೇಮವಿತ್ತು. ದೋಷವಿರುವ ಆರ್ಗನ್ ತನ್ನ ಹೊಸಿಲು ದಾಟಿ ಹೊರಗೆ ಹೋಗಬಾರದು.

ಒಂದು ದಿನ ಒಬ್ಬ ಮುದುಕಿ ನಾಲ್ಕು ಆಳುಗಳಿಂದ ಒಂದು ಆರ್ಗನ್ ಹೊರಿಸಿಕೊಂಡು ಬಂದಳು. ಚರ್ಚಿನಲ್ಲಿ ನಲವತ್ತು ವರ್ಷ ಅದನ್ನು ನುಡಿಸಿದವಳು. ಚರ್ಚಿಗೆ ಹೊಸ ಕೀಬೋರ್ಡ್ ಬಂದಾಗ ಹಳೆಯದನ್ನು ಅವಳಿಗೇ ಕೊಟ್ಟುಬಿಟ್ಟಿದ್ದರು. ಈಗ ಅದರ ಯಾವ ಕೀ ಒತ್ತಿದರೂ ಕಪ್ಪೆ ಕೂಗಿದಂತೆ ಕೇಳುತ್ತಿತ್ತು.

"ನನ್ನ ಎಡಗಿವಿ ಮುಚ್ಚಿಹೋಗಿದೆ ಕಣಪ್ಪಾ" ಎಂದಳು ಮುದುಕಿ. "ಬಲಗಿವಿಯೂ ಹೋಗುತ್ತಿದೆ. ಮೊದಲು ಮೇಲಿನ ಸ್ವರ ಹೋಗುತ್ತದೆ, ಕೊನೆಗೆ ಕೆಳಗಿನದು ಎಂದರು ಡಾಕ್ಟರು. ಆ ಕಿವಿ ಈ ವರ್ಷ ದಾಟುವುದಿಲ್ಲವಂತೆ. ಅಷ್ಟರೊಳಗೆ ಒಂದು ಸಲ ಇದನ್ನು ಇಡಿಯಾಗಿ ಕೇಳಬೇಕು. ಒಂದು ಸಲ ಸಾಕು. ಆಮೇಲೆ ನೆನಪಿನಲ್ಲಿ ಕೇಳಿಕೊಳ್ಳುತ್ತೇನೆ."

"ಮೂರು ವಾರ ಕೊಡಿ ಅಮ್ಮಾ. ಈ ಕೈಗೆ ಬಂದದ್ದು ಹಾಡದೆ ಹೋದದ್ದಿಲ್ಲ" ಎಂದ ರಿಪೇರಿಯವನು.

ಮಾತಿಗೆ ತಪ್ಪಲಿಲ್ಲ. ಹಿಂದಿನ ಹಲಗೆ ಬಿಚ್ಚಿದ. ಒಳಗೆ ಇಲಿಗಳು ಸಂಸಾರ ಹೂಡಿದ್ದವು. ಕೀರ್ತನೆ ಪುಸ್ತಕದ ಹಾಳೆಗಳನ್ನು ಚೂರು ಮಾಡಿ ಗೂಡು ಕಟ್ಟಿದ್ದವು. ನಲವತ್ತು ವರ್ಷ ಚರ್ಚಿನಲ್ಲಿ ಬೆಳೆದ ವಂಶ, ಅಟ್ಟಿದರೆ ತಾಳ ತಪ್ಪದೆ ಓಡಿದವು. ಅವನು ಕಾಂಟ್ಯಾಕ್ಟ್‌ಗಳ ಕಿಲುಬು ಉಜ್ಜಿ ತೆಗೆದ. ಒಣಗಿದ ಕೆಪಾಸಿಟರ್‌ಗಳನ್ನು ಬದಲಿಸಿದ. ಕಡಿದ ತಂತಿಗಳನ್ನು ಬೆಸೆದ. ಆ ಜಾತಿಯ ಆರ್ಗನ್‌ನಲ್ಲಿ ತುತ್ತತುದಿಯ ಹನ್ನೆರಡು ಸ್ವರಗಳನ್ನು ಶ್ರುತಿಗೆ ತಂದರೆ ಸಾಕು. ಕೆಳಗಿನವೆಲ್ಲ ಅವುಗಳಿಂದಲೇ ಹುಟ್ಟಿ ಬರುತ್ತವೆ. ಅದನ್ನೂ ಮಾಡಿದ. ನುಡಿಸಿ ನೋಡಲು ಏನಾದರೂ ಬೇಕಿತ್ತು. ಇಲಿಗೂಡಿನಲ್ಲಿ ಒಂದು ಹಾಳೆಯ ಅರ್ಧ ಉಳಿದಿತ್ತು. ಅದರಲ್ಲಿದ್ದಷ್ಟು ಹಾಡನ್ನು ನುಡಿಸಿದ. ಒಂದು ಸ್ವರವೂ ಕೆಡಲಿಲ್ಲ.

ಇಪ್ಪತ್ತೊಂದನೆಯ ದಿನ ಹಲಗೆ ಮುಚ್ಚಲು ಕೂತ. ಎರಡು ಸ್ಕ್ರೂ ತಿರುಗಿಸಿದ. ಮೂರನೆಯದನ್ನು ತಿರುಗಿಸುವಾಗ ಒಳಗಿನಿಂದ ಗುಂಯ್ ಎಂದು ಒಂದು ಸದ್ದು ಕೇಳಿತು. ತೀರ ಸಣ್ಣದು, ದೂರದಲ್ಲಿ ಜೇನುನೊಣ ಹಾರಿದಂತೆ.

ಸ್ಕ್ರೂಡ್ರೈವರ್ ಕೆಳಗಿಟ್ಟು ಉಸಿರು ಹಿಡಿದು ಕೇಳಿದ. ಸದ್ದಿಲ್ಲ.

ಮತ್ತೆ ಕೈಗೆತ್ತಿಕೊಂಡ. ಗುಂಯ್.

ಇಂಥ ದೋಷ ರಿಪೇರಿಯವರಿಗೆ ಹೊಸದಲ್ಲ. ಗಿರಾಕಿಯ ಮನೆಯಲ್ಲಿ ಕೆಡುತ್ತದೆ, ರಿಪೇರಿಯವನ ಮುಂದೆ ಸರಿಯಿರುತ್ತದೆ. ಆದರೆ ಸರಿಮಾಡಲು ಹೋದಾಗ ಬಂದು ಕಿವಿಗೊಟ್ಟಾಗ ಹೋಗುವ ದೋಷವನ್ನು ಅವನು ಕಂಡಿರಲಿಲ್ಲ. ಹಲಗೆ ಮತ್ತೆ ಬಿಚ್ಚಿದ.

ಶನಿವಾರ ಮುದುಕಿ ಬಂದಳು. "ಆಯಿತೇನಪ್ಪಾ?"

"ಒಂದು ಗುಂಯ್ ಉಳಿದಿದೆ ಅಮ್ಮಾ."

"ನನಗೆ ಕೇಳಿಸುತ್ತಿಲ್ಲವಲ್ಲ. ಇರಲಿ ಬಿಡು, ನುಡಿಸುತ್ತೇನೆ."

"ನಿಮಗೆ ಕೇಳಿಸದೆ ಇರಬಹುದು. ನನಗೆ ಕೇಳಿಸುತ್ತದಲ್ಲ! ಹಲಗೆ ತೆಗೆದಿದೆ, ಕರೆಂಟು ಹೊಡೆಯುತ್ತದೆ, ಮುಟ್ಟಬೇಡಿ. ಇನ್ನೊಂದು ವಾರ."

ಮುದುಕಿ ಹೋದಳು. ಮುಂದಿನ ಶನಿವಾರ ಬಂದಳು. ಅದರ ಮುಂದಿನ ಶನಿವಾರವೂ ಬಂದಳು. ಒಂದು ಸಲ ಕೋಗಿಲೆಯ ದನಿ ಕೇಳುವುದು ನಿಂತಿತು ಎಂದಳು. ಇನ್ನೊಂದು ಸಲ ಕುಕ್ಕರಿನ ಸೀಟಿ ಕೇಳಿಸದೆ ಬೇಳೆ ಸೀದುಹೋಯಿತು ಎಂದು ನಕ್ಕಳು. ಆಮೇಲೊಂದು ಸಲ, ಚರ್ಚಿನಲ್ಲಿ ಮಕ್ಕಳು ಬಾಯಿ ತೆರೆದು ಮುಚ್ಚುವುದಷ್ಟೇ ಕಾಣುತ್ತದೆ ಎಂದಳು. ಆ ಸಲ ನಗಲಿಲ್ಲ.

ಅವನು ಗುಂಯ್ ಹುಡುಕುತ್ತಲೇ ಇದ್ದ. ಮೊದಲು ಪಕ್ಕದ ಮನೆಯ ಗ್ರೈಂಡರಿನ ಮೇಲೆ ಅನುಮಾನ. ಆ ಮನೆಯವರು ಅವನ ಕಾಟ ತಡೆಯಲಾರದೆ ಒರಳುಕಲ್ಲಿಗೆ ಮರಳಿದರು. ಆಮೇಲೆ ಬೀದಿ ದೀಪ. ಅದನ್ನೂ ಆರಿಸಿದ್ದಾಯಿತು. ಕೊನೆಗೆ ಆರ್ಗನ್ನಿನ ಪ್ಲಗ್ಗನ್ನೇ ಕಿತ್ತ. ಬೆಸುಗೆಯ ಕಡ್ಡಿ ಹಿಡಿದು ಬಾಗಿದ. ಗುಂಯ್.

ಕರೆಂಟೇ ಇಲ್ಲದ ಆರ್ಗನ್ ಗುಂಯ್‌ಗುಟ್ಟುವುದಿಲ್ಲ. ನಿನ್ನಂಥ ದಡ್ಡನಿಗೂ ಅಲ್ಲಿ ಹೊಳೆಯುತ್ತಿತ್ತು. ಆದರೆ ಅವನು ಬಲ್ಲವನು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ ಎಂಬುದನ್ನು ಬಲ್ಲ. ಉಳಿದದ್ದು ಹಾಡುತ್ತಿದೆ ಎಂದುಕೊಂಡ. ಅದನ್ನೂ ಇಳಿಸಿದ. ಗುಂಯ್ ನಿಲ್ಲಲಿಲ್ಲ. ಆಗ ಮರದ ಮೇಲೆ ಅನುಮಾನ ಬಂತು. ನಲವತ್ತು ವರ್ಷದ ಪ್ರಾರ್ಥನೆಯನ್ನು ಈ ಮರ ಹೀರಿಕೊಂಡಿದೆ, ಈಗ ಹನಿಹನಿಯಾಗಿ ಜಿನುಗುತ್ತಿದೆ ಎಂದುಕೊಂಡ. ಮಧ್ಯಾಹ್ನವೆಲ್ಲ ಮರಕ್ಕೆ ಕಿವಿಯಿಟ್ಟು ಮಲಗುತ್ತಿದ್ದ. ಮಲಗಿದರೆ ಮರ ಸುಮ್ಮನಿರುತ್ತಿತ್ತು. ಮಲಗಿದಲ್ಲೇ ಕನಸು ಬೀಳುತ್ತಿತ್ತು. ಕನಸಿನಲ್ಲಿ ಅವನು ಆರ್ಗನ್ನಿನೊಳಗೆ ನಡೆದು ಹೋಗುತ್ತಿದ್ದ. ತಂತಿಗಳು ಬಳ್ಳಿಯಾಗಿ ಇಳಿಬಿದ್ದಿರುತ್ತಿದ್ದವು, ಗಾಜಿನ ವಾಲ್ವುಗಳು ಹಣತೆಯ ಹಾಗೆ ಉರಿಯುತ್ತಿದ್ದವು, ತುಂಬ ಒಳಗೆ ಯಾರೋ ಹಾಡುತ್ತಿದ್ದರು. ಅವನು ಹತ್ತಿರ ಹೋದಷ್ಟೂ ಅವರು ದೂರ ಹೋಗುತ್ತಿದ್ದರು. ಎದ್ದು ಕೆಲಸಕ್ಕೆ ಕೈ ಹಾಕಿದರೆ ಅದೇ ಗುಂಯ್.

ಹೀಗೆ ಇಪ್ಪತ್ತೆರಡು ವಾರ ಕಳೆಯಿತು.

ಒಂದು ಮಧ್ಯಾಹ್ನ ಮುದುಕಿ ಬಂದಾಗ ಅವನು ಆರ್ಗನ್ನಿನೊಳಗೆ ಅರ್ಧ ಮೈ ತೂರಿಸಿ ಏನೋ ಬೆಸೆಯುತ್ತಿದ್ದ. ಅವಳು ಬಂದದ್ದು ಅವನಿಗೆ ತಿಳಿಯಲಿಲ್ಲ. ಹಲಸು ಮಾಗುವುದನ್ನು ಕೇಳುವ ಕಿವಿಗೆ ಹೊಸಿಲಲ್ಲಿ ಚಪ್ಪಲಿ ಬಿಟ್ಟದ್ದು ಕೇಳಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ಕಾದಳು. ಅವಳ ಲೋಕದಲ್ಲಿ ಈಗ ಹೆಚ್ಚು ಸದ್ದಿರಲಿಲ್ಲ. ಆ ನಿಶ್ಶಬ್ದದ ತಳದಲ್ಲಿ ಅವಳಿಗೆ ಏನೋ ಕೇಳಿತು. ತಗ್ಗಿದ ದನಿ. ಅವಳಿಗೆ ಗೊತ್ತಿದ್ದ ಹಾಡು. ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಆರ್ಗನ್ ತಾನೇ ಹಾಡುತ್ತಿದೆ ಎಂದುಕೊಂಡು ಅವಳು ಎದ್ದು ಅದರ ಮೇಲೆ ಅಂಗೈ ಇಟ್ಟಳು. ಮರ ತಣ್ಣಗಿತ್ತು, ಅದುರುತ್ತಿರಲಿಲ್ಲ. ಅದೇ ಅಂಗೈಯನ್ನು ಬಾಗಿದ್ದ ಅವನ ಬೆನ್ನ ಮೇಲೆ ಇಟ್ಟಳು. ಬೆನ್ನು ಅದುರುತ್ತಿತ್ತು.

"ನಿನ್ನ ಗುಂಯ್ ಇಲ್ಲಿದೆ ನೋಡಪ್ಪಾ" ಎಂದಳು.

ಅವನು ಬೆಚ್ಚಿ ಉಸಿರು ಹಿಡಿದ.

"ಈಗ ನಿಂತಿತು" ಎಂದಳು ಮುದುಕಿ.

ಅವನು ಮೆಲ್ಲನೆ ಹೊರಗೆ ಬಂದ. ಕೈ ಕೆಲಸ ಮಾಡುವಾಗ ಗಂಟಲು ಗುನುಗುತ್ತದೆ, ಬೆಸುಗೆ ಹಾಕುವವರಿಗೆಲ್ಲ ಇರುವ ಚಾಳಿ. ಅದು ಅವನಿಗೂ ಇತ್ತು. ಅವನ ಹೆಂಡತಿಗೆ ಗೊತ್ತಿತ್ತು, ಪಕ್ಕದ ಮನೆಯವರಿಗೆ ಗೊತ್ತಿತ್ತು. ಯಾರೂ ಹೇಳಿರಲಿಲ್ಲ. ಅಂಥ ಕಿವಿಯವನಿಗೆ ಯಾರು ಹೇಳುತ್ತಾರೆ?

ಅವನು ಹಲಗೆ ಮುಚ್ಚಿದ. ಎಲ್ಲ ಸ್ಕ್ರೂಗಳನ್ನೂ ಬಿಗಿದ. ಪ್ಲಗ್ ಹಾಕಿದ. ಮುದುಕಿ ಕೂತು ಎರಡೂ ಕೈಗಳನ್ನು ಬಲತುದಿಯ ಮೇಲಿನ ಸ್ವರಗಳ ಕೀಗಳ ಮೇಲಿಟ್ಟು ನುಡಿಸಿದಳು. ಹನ್ನೆರಡು ಸ್ವರಗಳೂ ತೊಳೆದಿಟ್ಟ ಹಾಗೆ ನುಡಿದವು. ಅವಳು ಒಂದು ಕೀಯನ್ನು ಒತ್ತಿ ಹಿಡಿದು ಅವನ ಮುಖ ನೋಡಿದಳು.

"ಇದು ನುಡಿಯುತ್ತಿದೆಯಾ?"

"ನುಡಿಯುತ್ತಿದೆ ಅಮ್ಮಾ."

"ಚೆನ್ನಾಗಿದೆಯಾ?"

ಅವನು ಹೌದೆಂದು ತಲೆಯಾಡಿಸಿದ.

ಮುದುಕಿ ಎರಡೂ ಕೈಗಳನ್ನು ಎತ್ತಿ ಕೀಗಳ ಎಡತುದಿಗೆ, ತೀರ ಕೆಳಗಿನ ಸ್ವರಗಳಿರುವಲ್ಲಿಗೆ, ತಂದು ಇಳಿಸಿದಳು. ಅಲ್ಲಿ ಅವಳಿಗೆ ಇನ್ನೂ ಒಂದಿಷ್ಟು ಕೇಳುತ್ತಿತ್ತು. ಗಲ್ಲವನ್ನು ಮರಕ್ಕೆ ಆನಿಸಿ ಆ ಹಾಡನ್ನು ನುಡಿಸಿದಳು. ಇಲಿ ತಿಂದುಹಾಕಿದ ಉಳಿದರ್ಧವನ್ನೂ ನುಡಿಸಿದಳು. ರಿಪೇರಿಯವನು ಆ ಅರ್ಧವನ್ನು ಕೇಳಿದ್ದು ಅವತ್ತೇ. ಅವನ ಕಿವಿಗೆ ಅವತ್ತು ಬೇರೇನೂ ಬೀಳಲಿಲ್ಲ.

ಮಾವ ಕತೆ ನಿಲ್ಲಿಸಿದರು. ಚಿದಂಬರ ಕೇಳಿದ.

"ಮಾವ, ಆಮೇಲಾದರೂ ಅವನ ಆ ಗುಂಯ್ ನಿಂತಿತೇ?"

ಮಾವ ಹೇಳಿದರು, "ಆ ಮುದುಕಿ ಇಪ್ಪತ್ತೆರಡು ವಾರ ನಡೆದು ಬಂದದ್ದು ನಿಶ್ಶಬ್ದವನ್ನು ಕೇಳುವುದಕ್ಕಲ್ಲ ಅಳಿಯ."