ಗೊರವಂಕದ ಕಡೆಯ ಮರಿಗೆ ಬಾಯಿ ದೊಡ್ಡದಾದ ಬಗೆ

ಲೋಕಕ್ಕೆ ಬಳಿದ ಬಣ್ಣ ಇನ್ನೂ ಆರದಿದ್ದ ಕಾಲ. ಬೆಟ್ಟಗಳು ತಮ್ಮ ನೆರಳನ್ನು ತಾವೇ ಕಂಡು ಬೆರಗಾಗುತ್ತಿದ್ದುವು. ಹೊಳೆಗಳು ಯಾವ ಕಡೆಗೆ ಹರಿಯಬೇಕೆಂದು ಗಾಳಿಯನ್ನು ಕೇಳುತ್ತಿದ್ದುವು. ಹಕ್ಕಿಗಳಿಗಿಂತ ಮೊದಲೇ ಹುಟ್ಟಿದ ಅತ್ತಿಮರವೊಂದು ಹೊಳೆಯ ದಡದಲ್ಲಿತ್ತು. ಎಲ್ಲರೂ ಅದನ್ನು ಅತ್ತಿಯಜ್ಜಿ ಎಂದೇ ಕರೆಯುತ್ತಿದ್ದರು. ಅದರ ಪೊಟರೆಯಲ್ಲಿ ಹೊಂಗಣ್ಣಿ ಎಂಬ ಗೊರವಂಕ ತನ್ನ ಗಂಡನೊಡನೆ ಬಾಳುತ್ತಿದ್ದಳು.

ಕಣ್ಣ ಸುತ್ತ ಅರಿಸಿನ ಬಳಿದಂಥ ಹಳದಿ. ಅದಕ್ಕೇ ಆ ಹೆಸರು. ಬಾಯಿ ಮಾತ್ರ ಬಲು ಜೋರು. ಹದ್ದಿನೊಡನೆ ಜಗಳ, ಅಳಿಲಿನೊಡನೆ ಜಗಳ, ಯಾರೂ ಸಿಗದಿದ್ದರೆ ಗಂಡನೊಡನೆ ಜಗಳ.

"ನಿನ್ನ ಗಂಟಲಿಗೆ ಬಿಡುವೇ ಇಲ್ಲವೇನೇ?" ಎಂದು ಗಂಡ ಕೆಣಕುತ್ತಿದ್ದ.

"ಬಿಡುವು ಕೊಟ್ಟಿದ್ದರೆ ಈ ಪೊಟರೆಯಲ್ಲಿ ಇಂದು ಅಳಿಲು ಮಲಗಿರುತ್ತಿತ್ತು. ನೀವು ಕೊಂಬೆಯ ಮೇಲೆ ನೆನೆಯುತ್ತ ಕೂತಿರುತ್ತಿದ್ದಿರಿ!"

ಆಗ ಹಕ್ಕಿಗಳಲ್ಲಿ ಒಂದು ಕಟ್ಟುಪಾಡಿತ್ತು. ತಾಯಿಯಾದವಳು ತನ್ನ ಮೈಯ ಸಾರವನ್ನು ಎಲ್ಲ ಮೊಟ್ಟೆಗಳಿಗೂ ಸಮನಾಗಿ ಹಂಚಬೇಕು. ಹೊಂಗಣ್ಣಿ ದಿನಕ್ಕೊಂದರಂತೆ ನಾಲ್ಕು ನೀಲಿ ಮೊಟ್ಟೆಗಳನ್ನಿಟ್ಟಳು. ನಾಲ್ಕಕ್ಕೂ ಒಂದೇ ಅಳತೆ. ತಾನು ಭೇದವೆಣಿಸದ ತಾಯಿ ಎಂದು ಅವಳಿಗೆ ಹೆಮ್ಮೆ.

ಆದರೆ ಮೊದಲ ಮೊಟ್ಟೆ ತಣ್ಣಗಾದೀತೆಂದು, ಉಳಿದವು ಬರುವ ಮುನ್ನವೇ ಅವಳು ಕಾವಿಗೆ ಕುಳಿತಿದ್ದಳು. ಮರಿಗಳು ಒಂದರ ಹಿಂದೊಂದು ಹೊರಬಂದುವು. ಕಡೆಯದು ಚಿಪ್ಪೊಡೆಯುವ ವೇಳೆಗೆ ಅಣ್ಣಂದಿರ ಕೊರಳು ಬಲಿತಿತ್ತು.

ಪೊಟರೆಯೊಳಗೆ ಕತ್ತಲೆ. ಹುಳು ಕಚ್ಚಿ ತಂದ ತಾಯಿಗೆ ಮೇಲೆತ್ತಿದ ಬಾಯಿಗಳಷ್ಟೇ ಕಾಣುವುವು. ಮೂರು ಬಾಯಿಗಳು ಮೇಲೆದ್ದುವು; ನಾಲ್ಕನೆಯದು ಅಡಿಯಲ್ಲೇ ಉಳಿಯಿತು. ಐದನೆಯ ದಿನ ಆ ಪುಟ್ಟ ಮೈ ತಣ್ಣಗಾಗಿತ್ತು.

ಮರುವರ್ಷವೂ ಹಾಗೆಯೇ ಆಯಿತು.

ಮೂರನೆಯ ವರ್ಷ, ಮತ್ತೆ ಮೊಟ್ಟೆಯಿಡುವ ದಿನ ಹತ್ತಿರವಾದಾಗ, ಕಿರಿಯ ಮರಿ ಏಕೆ ಉಳಿಯುವುದಿಲ್ಲವೆಂದು ಹೊಂಗಣ್ಣಿ ಗಾಳಿಯನ್ನು ಕೇಳಿದಳು. "ನಾನು ಎಲ್ಲರ ಮೇಲೂ ಒಂದೇ ಸಮ ಬೀಸುವವನು, ತಾಯೀ. ನನಗೇನು ತಿಳಿದೀತು?" ಎಂದು ಗಾಳಿ ಹೊರಟುಹೋಯಿತು. ಅವಳು ಅತ್ತಿಮರದ ತುದಿಯಲ್ಲಿ ಕುಳಿತು ಅತ್ತಳು.

"ಅಜ್ಜೀ, ನಾನು ಭೇದ ಮಾಡಲಿಲ್ಲ. ಆದರೂ ನನ್ನ ಕಿರಿಯದೇ ಏಕೆ ಹೋಗುತ್ತದೆ?"

"ನನ್ನ ಬಡಗಣ ಕೊಂಬೆಯನ್ನು ನೋಡು, ಮಗಳೇ," ಎಂದಳು ಅತ್ತಿಯಜ್ಜಿ. "ಅಕ್ಕಂದಿರ ನೆರಳಿನಲ್ಲಿ ಹುಟ್ಟಿದ್ದು ಅದು. ಬಿಸಿಲನ್ನು ತಂದುಕೊಡಲು ನನಗೆ ಕೈಯಿಲ್ಲ. ಅದಕ್ಕೆ ಅದರ ರಸದಲ್ಲಿ ಬಿಸಿಲಿನ ಹಂಬಲವನ್ನೇ ಒಂದಿಷ್ಟು ಹೆಚ್ಚಾಗಿ ಬೆರೆಸಿದೆ. ಈಗ ಎಲ್ಲಕ್ಕಿಂತ ಉದ್ದ ಚಾಚಿರುವುದು ಅದೇ."

"ಹಾಗಾದರೆ ಕಟ್ಟುಪಾಡು?"

"ಒಟ್ಟಿಗೆ ಬರುವವರಿಗೆ ಒಂದೇ ಅಳತೆ ಸರಿ. ತಡವಾಗಿ ಬರುವ ಕೂಸಿಗೆ? ಚಿಪ್ಪೊಡೆದ ಮೇಲೆ ನೀನು ಕೊಡುವುದನ್ನು ಅಣ್ಣಂದಿರು ಕಿತ್ತುಕೊಳ್ಳುತ್ತಾರೆ. ಚಿಪ್ಪಿನೊಳಗೇ ಕೊಟ್ಟದ್ದನ್ನು ಕಿತ್ತುಕೊಳ್ಳುವವರು ಯಾರು?"

"ನಾನೇನು ಕೊಡಲಜ್ಜೀ? ನನ್ನಲ್ಲಿ ಹೆಚ್ಚಾಗಿರುವುದು ಈ ಜಗಳವೊಂದೇ."

ಅಜ್ಜಿ ಎಲೆಯೆಲ್ಲ ಅಲುಗುವಂತೆ ನಕ್ಕಳು. "ಅದನ್ನೇ ಕೊಡು. ಆದರೆ ಕೊಟ್ಟದ್ದು ಕೆಲವು ದಿನ ನಿನ್ನಲ್ಲಿ ಉಳಿಯುವುದಿಲ್ಲ, ನೆನಪಿರಲಿ."

ಹೊಂಗಣ್ಣಿ ಮೊದಲ ಮೊಟ್ಟೆಯ ಹಳದಿಯಲ್ಲಿ ತನ್ನ ಛಲದ ಒಂದು ಹನಿ ಬೆರೆಸಿದಳು. ಎರಡನೆಯದಕ್ಕೆ ತುಸು ಹೆಚ್ಚು, ಮೂರನೆಯದಕ್ಕೆ ಇನ್ನೂ ತುಸು ಹೆಚ್ಚು. ನಾಲ್ಕನೆಯ ಬೆಳಗ್ಗೆ ಉಳಿದುದನ್ನೆಲ್ಲ ಸುರಿದಳು. ಈ ಸಲವೂ ಮೊದಲ ಮೊಟ್ಟೆಯಿಂದಲೇ ಕಾವಿಗೆ ಕುಳಿತಿದ್ದವಳು, ಆಮೇಲೆ ಕಣ್ಣು ಮುಚ್ಚಿ ಮೌನವಾಗಿ ಕಾವು ಮುಂದುವರಿಸಿದಳು.

ಅಳಿಲು ಇಣುಕಿ ನೋಡಿತು. ಹೊಂಗಣ್ಣಿಯಿಂದ ಸದ್ದಿಲ್ಲ. ಗಂಡನಿಗೆ ಗಾಬರಿಯಾಯಿತು.

"ಲೇ, ಬೈಯೇ! ಅಳಿಲು ಒಳಗೇ ಬರುತ್ತಿದೆ!"

"ನೀವೇ ಬೈಯಿರಿ," ಎಂದಳು ಮೆಲ್ಲಗೆ. "ನನ್ನದು ಈಗ ಬೇರೆ ಕಡೆ ಕೆಲಸ ಮಾಡುತ್ತಿದೆ."

ಪಾಪ, ಬಾಳಿನಲ್ಲಿ ಮೊದಲ ಸಲ ಅವನೇ ಬೈಯಬೇಕಾಯಿತು. ಅಷ್ಟೇನೂ ಚೆನ್ನಾಗಿ ಬೈಯಲಿಲ್ಲ. ಆದರೂ ಅಳಿಲು ಬೆಚ್ಚಿಬಿದ್ದು ಓಡಿತು.

ಮರಿಗಳು ಒಂದರ ಹಿಂದೊಂದು ಬಂದುವು. ಕಡೆಯದು ಈ ಸಲವೂ ಕಡೆಗೇ ಬಂತು, ಹೆಬ್ಬೆರಳಿನಷ್ಟು. ಹೊಂಗಣ್ಣಿ ಹುಳು ಕಚ್ಚಿ ತಂದು ಬಾಗಿಲಲ್ಲಿ ನಿಂತಳು. ಮೂರು ಬಾಯಿಗಳು ಮೇಲೆದ್ದುವು.

ಆಗ ಅವುಗಳ ನಡುವಿನಿಂದ, ನಡುಗುವ ಎಳೆಗೊರಳಿನ ಮೇಲೆ, ತಲೆಗಿಂತಲೂ ಅಗಲವಾದ ನಾಲ್ಕನೆಯ ಬಾಯೊಂದು ತೂರಿಬಂದಿತು. ಅದರ ಚೀರಾಟಕ್ಕೆ ಹೊಳೆಯೇ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸಿ ತಿರುಗಿ ನೋಡಿತು.

"ಅಯ್ಯಯ್ಯೋ, ಇದು ನಿನ್ನದೇ ಕೂಸು ಕಣೇ!" ಎಂದ ಗಂಡ.

ಹೊಂಗಣ್ಣಿ ಹುಳುವನ್ನು ಆ ಬಾಯಿಗಿಟ್ಟಳು. ಐದನೆಯ ದಿನವೂ ಇಟ್ಟಳು, ಇಪ್ಪತ್ತನೆಯ ದಿನವೂ ಇಟ್ಟಳು. ಒಂದು ಬೆಳಗ್ಗೆ ಪೊಟರೆಯಿಂದ ನಾಲ್ಕು ಮರಿಗಳು ಹಾರಿದುವು. ಅಂದೇ ಸಂಜೆ ಅವಳು ಅಳಿಲಿನೊಡನೆ ಹಳೆಯ ಜಗಳವನ್ನು ಮತ್ತೆ ಶುರುಮಾಡಿದಳು.

ಆದುದರಿಂದಲೇ, ಮಗೂ, ನಮ್ಮ ಗೋಡೆಯ ಸಂದಿಯ ಗೂಡಿಗೆ ಗೊರವಂಕ ಹುಳು ತಂದಾಗ ಎಲ್ಲಕ್ಕಿಂತ ಚಿಕ್ಕ ಮರಿಯೇ ಎಲ್ಲಕ್ಕಿಂತ ದೊಡ್ಡ ಬಾಯಿ ತೆರೆದು ಕೂಗುವುದು; ಆ ಕೂಗು ಅದು ಹುಟ್ಟುವ ಮೊದಲೇ ತಾಯಿ ಮೊಟ್ಟೆಯೊಳಗೆ ಇಟ್ಟುಕೊಟ್ಟದ್ದು.