ಕತ್ತಿಗೆ ಹಚ್ಚಿದ ಕುಂಕುಮ

ಹೊಳೆದಂಡೆಯ ಮಠವೊಂದರಲ್ಲಿ ಹಾಲಯ್ಯನವರು ವೀರಗಾಸೆ ಕುಣಿತ ಕಲಿಸುತ್ತಿದ್ದರು. ಗುರುಗಳೆಂದರೆ ಶಾಂತಮೂರ್ತಿ ಎಂದುಕೊಂಡು ಬಂದವರು ಮೂರೇ ದಿನಕ್ಕೆ ಗಂಟುಮೂಟೆ ಕಟ್ಟುತ್ತಿದ್ದರು. ಕೊಟ್ರೇಶನೊಬ್ಬ ಆರು ವರ್ಷ ತಡೆದುಕೊಂಡಿದ್ದ.

ಮಹಾನವಮಿಗೆ ಹದಿನೈದು ದಿನ ಇರುವಾಗ ಹಾಲಯ್ಯನವರು ತಮ್ಮ ಗುರುವಿನ ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆದು ಅವನ ಕೈಗಿಟ್ಟರು. ಹಳೇ ಉಕ್ಕು. ಅಲಗಿನ ಮೇಲೆ ಅಲ್ಲಲ್ಲಿ ತೆಳುವಾಗಿ ತುಕ್ಕು ಹಿಡಿದಿತ್ತು.

"ಈ ತುಕ್ಕು ತೆಗಿ. ಹಬ್ಬದ ದಿನ ಕಲೆ ಇರಲಿಲ್ಲ ಅಂದ್ರೆ ಇದನ್ನೇ ಹಿಡಿದು ಕುಣಿ. ಇತ್ತು ಅಂದ್ರೆ ಕತ್ತಿ ಪೆಟ್ಟಿಗೆಗೆ, ನೀನು ಊರಿಗೆ."

ಆರು ವರ್ಷ ಮರದ ಕತ್ತಿ ಹಿಡಿದು ಕುಣಿದವನಿಗೆ ಅಷ್ಟು ಸಾಕಾಯಿತು. ಕೊಟ್ರೇಶ ಇಟ್ಟಿಗೆ ಪುಡಿ ತಂದು ಗಸಗಸ ಉಜ್ಜತೊಡಗಿದ. ತುಕ್ಕು ಹೋಗುವ ಮೊದಲೇ ಅಲಗಿನ ಮೇಲೆ ಗೀರು ಬಿತ್ತು.

ಹಾಲಯ್ಯನವರು ಕತ್ತಿ ಕಿತ್ತುಕೊಂಡರು. ಇದೇನು ತಳ ಹಿಡಿದ ಬಾಣಲೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೇ ಕೂತರು. ಕಲೆಯ ಮೇಲೆ ಎರಡು ಹನಿ ಎಣ್ಣೆ ಬಿಟ್ಟು ನೆನೆಸಿದರು. ಬಟ್ಟೆಯಲ್ಲಿ ಸೋಸಿದ ಬೂದಿಯನ್ನು ಮೆತ್ತನೆ ಅರಿವೆಗೆ ತಗುಲಿಸಿ, ಅಲಗಿನ ಉದ್ದಕ್ಕೂ ಹಗುರವಾಗಿ ಉಜ್ಜಿ ತೋರಿಸಿದರು. ಆಮೇಲೆ ಒರೆಸು, ಎಣ್ಣೆ ಸವರು, ಅಷ್ಟೇ ಎಂದರು. ಅಷ್ಟೇ ಎಂಬುದನ್ನು ಎರಡು ಸಲ ಹೇಳಿದರು.

ಮೂರು ದಿನಕ್ಕೆ ಅಲಗು ಬೆಳಗಿತು. ಕೊಟ್ರೇಶನಿಗೆ ಸಂತೋಷ ತಡೆಯಲಾಗಲಿಲ್ಲ. ಹೊಳೆಯಲ್ಲಿ ಮಿಂದು, ನೀರಲ್ಲಿ ಕುಂಕುಮ ಕಲಸಿ, ಕತ್ತಿಗೆ ಮೂರು ಬೊಟ್ಟಿಟ್ಟು ಅಡ್ಡಬಿದ್ದ.

ಮರುದಿನ ನೋಡಿದರೆ ಮತ್ತೆ ತುಕ್ಕು. ಉಜ್ಜಿದ, ಬೊಟ್ಟಿಟ್ಟ. ಮತ್ತೆ ತುಕ್ಕು. ನಾಲ್ಕನೇ ಸಲಕ್ಕೆ ಅವನಿಗೂ ರೋಸಿಹೋಗಿ ಕತ್ತಿಯನ್ನು ಗುರುವಿನ ಮುಂದೆ ತಂದಿಟ್ಟ.

"ಈ ಕತ್ತೀನೇ ಸರಿ ಇಲ್ಲ, ಅಯ್ಯನೋರೇ."

"ಎಣ್ಣೆ ಸವರಿದ್ಯಾ?"

"ಸವರಿದ್ದೆ. ಅದರ ಮೇಲೆ ಕುಂಕುಮ ನಿಲ್ಲಲಿಲ್ಲ. ಅದಕ್ಕೇ ಒರೆಸಿಬಿಟ್ಟೆ."

ಹಾಲಯ್ಯನವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದು ಬೊಟ್ಟನ್ನು ಅರಿವೆಯಿಂದ ಒರೆಸಿದರು. ಅದರ ಕೆಳಗೆ ಅಷ್ಟೇ ಅಗಲದ ಇನ್ನೊಂದು ಕೆಂಪು ಬೊಟ್ಟಿತ್ತು.

"ಮೇಲಿಂದು ಏನು?"

"ಭಕ್ತಿ."

"ಕೆಳಗಿಂದು?"

"ತುಕ್ಕು."

"ಎರಡನ್ನೂ ಇಟ್ಟೋನು ಯಾರು?"

ನಾನೇ ಎಂದ ಕೊಟ್ರೇಶ. ಕುಂಕುಮವಿಲ್ಲದೆ ಆಯುಧ ಇಟ್ಟರೆ ತಪ್ಪಲ್ಲವೇ ಎಂದು ಮೆಲ್ಲಗೆ ಕೇಳಿದ.

"ಕುಂಕುಮ ನಾಲ್ಕು ಜನಕ್ಕೆ ಕಾಣ್ತದೆ. ಎಣ್ಣೆ ಯಾರಿಗೂ ಕಾಣಲ್ಲ. ನೀನು ಯಾವುದನ್ನ ಒರೆಸಿದೆ, ಯಾವುದನ್ನ ಉಳಿಸಿದೆ, ನೋಡ್ಕೋ. ಏಳು, ಉಜ್ಜು."

ಕೊಟ್ರೇಶನಿಗೆ ಮೈಯೆಲ್ಲ ಉರಿಯಿತು. ಆದರೂ ಉಜ್ಜಿದ. ಎಣ್ಣೆ ಸವರಿದ. ಬೊಟ್ಟಿಡಲು ಬೆರಳು ತುರಿಸಿದರೂ ಇಡಲಿಲ್ಲ.

ಹಬ್ಬದ ದಿನ ಹಾಲಯ್ಯನವರು ಕತ್ತಿಯನ್ನು ಬಿಸಿಲಿಗೆ ಹಿಡಿದು ಎರಡೂ ಮಗ್ಗುಲು ನೋಡಿದರು. ಬೈಯಲು ಏನೂ ಸಿಗಲಿಲ್ಲ. ಸಿಡುಕು ಮುಖದಲ್ಲೇ ಅದನ್ನು ಕೊಟ್ರೇಶನಿಗೆ ಕೊಟ್ಟರು.

ಅಂಗಳದಲ್ಲಿ ಊರೇ ನೆರೆದಿತ್ತು. ಮಠದಲ್ಲಿ ಅಡುಗೆ ಮಾಡುವ ಹಿರಿಯಾಕೆ ಶಿವಗಂಗಮ್ಮ, ಕಲಸಿದ ಕುಂಕುಮದ ತಟ್ಟೆ ಹಿಡಿದು ಬಂದಳು. ಪ್ರತಿ ವರ್ಷ ಕುಣಿಯುವವರ ಕತ್ತಿಗೆ ಹಚ್ಚುವಂತೆ ಮೂರು ಬೆರಳು ಅದ್ದಿ ಅಲಗಿನ ಕಡೆ ಕೈ ಚಾಚಿದಳು.

ಬೇಡವೆಂದರೆ ಊರ ಮುಂದೆ ಆಕೆಗೆ ಅವಮಾನ. ಸುಮ್ಮನಿದ್ದರೆ ಮತ್ತೆ ತುಕ್ಕು. ಕೊಟ್ರೇಶ ಗುರುವಿನ ಕಡೆ ನೋಡಿದ. ಅವರು ಬೇಕೆಂದೇ ಗೆಜ್ಜೆ ಕಟ್ಟುವುದರಲ್ಲಿ ಮುಳುಗಿದ್ದರು.

ಅವನು ಕತ್ತಿಯನ್ನು ಬೆನ್ನ ಹಿಂದೆ ಮಾಡಿ ಹಣೆ ಬಗ್ಗಿಸಿದ.

"ಇಲ್ಲಿ ಹಚ್ಚವ್ವಾ."

ಶಿವಗಂಗಮ್ಮ ನಕ್ಕು ಹಣೆ ತುಂಬ ಬಳಿದಳು. ಜನ ಭೇಷ್ ಎಂದರು. ಕೊಟ್ರೇಶ ಎದೆ ಸೆಟೆಸಿ ನಿಂತು, ಆರು ವರ್ಷದಲ್ಲಿ ಒಮ್ಮೆಯೂ ಸಿಗದ ಮೆಚ್ಚುಗೆಗಾಗಿ ಗುರುವಿನ ಮುಖ ನೋಡಿದ.

ಹಾಲಯ್ಯನವರು ಅವನ ಕೆಂಪು ಹಣೆಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಕತ್ತಿಗಾದ್ರೆ ಬೂದಿ ಇತ್ತು, ಎಣ್ಣೆ ಇತ್ತು. ನಿನ್ನ ತಲೆಗೆ ತುಕ್ಕು ಹಿಡಿದ್ರೆ ಏನು ಹಾಕಿ ಉಜ್ತೀಯೋ? ನಡಿ, ಕುಣಿ."